ಅನಿಲದ ಕೊಳವೆ, ಕೇಬಲ್ಲಿನ ತಂತಿ: ಗುಜರಾತಿನ ಮೂರು ನಗರಗಳಲ್ಲಿ ಮನೆಯ ಅಂತರಜಾಲ

ಅಹಮದಾಬಾದ್, ವಡೋದರಾ ಮತ್ತು ಸೂರತ್‌ಗಳ ಮನೆಗಳಿಗೆ ಅಂತರಜಾಲ ಬಂದ ಬಗೆಯನ್ನು ದೂರವಾಣಿ ಇಲಾಖೆಯ ಚರಿತ್ರೆಯ ಒಂದು ಉಪಕಥೆಯಾಗಿ ಬರೆದರೆ ಅದರ ಅರ್ಧದಷ್ಟು ಪಾತ್ರಧಾರಿಗಳು ಹೊರಗೇ ಉಳಿಯುತ್ತಾರೆ. ಕೊಳವೆಯಲ್ಲಿ ಅನಿಲ ಹಂಚುತ್ತಿದ್ದ ಕಂಪನಿಯ ಒಡೆಯರು, ರಸಗೊಬ್ಬರದ ಕಾರ್ಖಾನೆಯವರು, ಓಣಿಯ ತಾರಸಿಗಳ ಮೇಲೆ ಟಿವಿ ಕೇಬಲ್ ಎಳೆಯುತ್ತಿದ್ದವರು ಇವರೆಲ್ಲ ಈ ಚರಿತ್ರೆಯೊಳಗೆ ಬರುತ್ತಾರೆ. ಇಲ್ಲಿ ವೇಗದ ಕಥೆಯೂ ಸುರಕ್ಷತೆಯ ಕಥೆಯೂ ಜೊತೆಜೊತೆಯಾಗಿ ಸಾಗಿದರೂ ಅವೆರಡರ ಹಿಂದಿದ್ದ ಒತ್ತಾಯ ಒಂದೇ ಅಲ್ಲ: ವೇಗವನ್ನು ಗಿರಾಕಿಯೇ ಕೇಳಿ ಪಡೆದ, ಸುರಕ್ಷತೆಯನ್ನು ಕೇಳಿದ್ದು ಹೆಚ್ಚಾಗಿ ಸರ್ಕಾರ, ಅದೂ ತಂತಿಯ ಆ ತುದಿಯಲ್ಲಿರುವವನು ಯಾರೆಂದು ತಿಳಿಯುವುದಕ್ಕಾಗಿ. ಆ ಗಿರಾಕಿಯ ಮನೆಯ ಪೆಟ್ಟಿಗೆಯನ್ನು ಹೊರಗಿನವರಿಂದ ಕಾಯಬೇಕೆಂಬ ವಿಚಾರ ಸೇವಾದಾರರ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ.

ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ತೆರೆದಾಗ ಆ ಭಾಗ್ಯ ದೊರೆತದ್ದು ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ. ಗುಜರಾತಿನ ಯಾವ ನಗರವೂ ಆ ಮೊದಲ ಪಟ್ಟಿಯಲ್ಲಿರಲಿಲ್ಲ. ದೇಶದ ರಾಜ್ಯಗಳ ಪೈಕಿ ಅತಿ ಉದ್ದದ ಕರಾವಳಿ ಗುಜರಾತಿನದೇ ಆಗಿದ್ದರೂ ಹೊರದೇಶಗಳಿಂದ ಸಮುದ್ರದ ತಳದಲ್ಲಿ ಬಂದ ದತ್ತಾಂಶದ ಕೇಬಲ್‌ಗಳು ದಡ ಹತ್ತಿದ್ದು ಮುಂಬಯಿ, ಕೊಚ್ಚಿ, ತೂತ್ತುಕುಡಿ, ಚೆನ್ನೈಗಳಲ್ಲಿ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ತನ್ನ ಪಶ್ಚಿಮ ಕರಾವಳಿಯ ಮುಖ್ಯ ಠಾಣೆಯನ್ನು ಸೂರತ್‌ನಿಂದ ಮುಂಬಯಿಗೆ ಸಾಗಿಸಿದ ಮೇಲೆ ಸೂರತ್‌ನ ಸರಕು ಮುಂಬಯಿಯ ಬಂದರನ್ನು ಹಾಯ್ದು ಹೋಗುವಂತಾಯಿತು. ಅದರ ದತ್ತಾಂಶಕ್ಕೂ ಅದೇ ದಾರಿ ಒದಗಿತು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ತುಂಡಾದಾಗ ಭಾರತದಾದ್ಯಂತ ಅಂತರಜಾಲ ಕುಂಟಿದ್ದು, ಮನೆಯ ಸಂಪರ್ಕದ ವೇಗವನ್ನು ನಿರ್ಧರಿಸುವುದು ಮನೆಯವರೆಗಿನ ತಂತಿ ಮಾತ್ರವಲ್ಲ ಎಂಬುದಕ್ಕೆ ಸಾಕ್ಷಿ.

1998ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿಯವರಿಗೂ ಅಂತರಜಾಲ ಸೇವೆಯ ಪರವಾನಗಿ ಕೊಡಲು ಒಪ್ಪಿತು. ಇಡೀ ದೇಶಕ್ಕೆ ಅನ್ವಯಿಸುವುದು 'ಎ' ವರ್ಗ, ಒಂದು ದೂರಸಂಪರ್ಕ ವಲಯಕ್ಕೆ 'ಬಿ' ವರ್ಗ, ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ 'ಸಿ' ವರ್ಗ ಎಂಬ ವಿಂಗಡಣೆಯಿಂದಾಗಿ ಸಣ್ಣ ಬಂಡವಾಳದವರಿಗೂ ಈ ವ್ಯವಹಾರದ ಬಾಗಿಲು ತೆರೆಯಿತು. ವ್ಯಾಪಾರದ ವಾಸನೆಯನ್ನು ಬೇಗ ಹಿಡಿಯುವ ಗುಜರಾತಿನಲ್ಲಿ ಸ್ಥಳೀಯ ಸೇವಾದಾರರು ಹುಟ್ಟಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಆಗಿನದು ಡಯಲ್‌ಅಪ್ ಕಾಲ: ಮಾತಿಗಾಗಿ ಹಾಕಿದ ದೂರವಾಣಿ ತಂತಿಯ ಮೇಲೆ ಮೋಡೆಮ್ ಎಂಬ ಪೆಟ್ಟಿಗೆ ಕರೆ ಮಾಡಿ, ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್ ವೇಗದಲ್ಲಿ ದತ್ತಾಂಶವನ್ನು ಧ್ವನಿಯ ರೂಪದಲ್ಲಿ ಸಾಗಿಸುತ್ತಿತ್ತು. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್ ಆಗುವುದರಿಂದ, 5 ಮೆಗಾಬೈಟ್‌ನ ಒಂದು ಹಾಡು ಇಳಿಯಲು ಎಲ್ಲವೂ ಸರಿಯಿದ್ದರೂ ಹನ್ನೆರಡು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಮನೆಯ ಫೋನು ಬೇರೆ ಯಾರಿಗೂ ಸಿಗುತ್ತಿರಲಿಲ್ಲ.

ಈ ಮಿತಿಯನ್ನು ದಾಟಿದ ಮೊದಲಿಗರಲ್ಲಿ ಒಬ್ಬರು ಬಂದದ್ದು ಅನಿಲದ ವ್ಯಾಪಾರದಿಂದ. ಸೂರತ್, ಭರೂಚ್, ಅಂಕಲೇಶ್ವರಗಳಲ್ಲಿ ಕೊಳವೆಯ ಮೂಲಕ ಅನಿಲ ಹಂಚುತ್ತಿದ್ದ ಗುಜರಾತ್ ಗ್ಯಾಸ್ ಕಂಪನಿಯನ್ನು ಬ್ರಿಟನ್ನಿನ ಬಿಜಿ ಗ್ರೂಪ್ 1997ರಲ್ಲಿ ತನ್ನ ಹತೋಟಿಗೆ ತೆಗೆದುಕೊಂಡಿತ್ತು. ಅದೇ ಗುಂಪು 2001ರ ಹೊತ್ತಿಗೆ ಐಕಾರಾ ಎಂಬ ಹೆಸರಿನಲ್ಲಿ ಕೇಬಲ್ ಮೂಲಕ ಅಂತರಜಾಲ ಕೊಡುವ ಉದ್ಯಮಕ್ಕೂ ಕೈಹಾಕಿತು. ನಗರಪಾಲಿಕೆಯಿಂದ ರಸ್ತೆ ಅಗೆಯಲು ಅನುಮತಿ ಪಡೆಯುವುದು, ಮನೆಮನೆಗೂ ಒಂದು ಸಂಪರ್ಕ ಎಳೆಯುವುದು, ತಿಂಗಳು ತಿಂಗಳೂ ಬಿಲ್ ವಸೂಲು ಮಾಡುವುದು ಅನಿಲದವರಿಗೆ ಹೊಸ ವಿದ್ಯೆಯಾಗಿರಲಿಲ್ಲ. ಮನೆಗೆ ಅಂತರಜಾಲ ತಲುಪಿಸುವ ವ್ಯವಹಾರದಲ್ಲಿ ಹೆಚ್ಚು ಖರ್ಚು ಬೀಳುವುದೂ ಹೆಚ್ಚು ತಲೆನೋವು ಕೊಡುವುದೂ ಇವೇ ಕೆಲಸಗಳು. 2006ರಲ್ಲಿ ಸಿಟಿಗ್ರೂಪ್‌ನ ಹೂಡಿಕೆ ಸಂಸ್ಥೆ ಈ ಉದ್ಯಮವನ್ನು ಕೊಂಡಿತು. ಆಮೇಲೆ ಅದು 'ಯೂ' ಎಂಬ ಹೆಸರು ಪಡೆದು, ಮೂರೂ ನಗರಗಳಲ್ಲಿ ಯೂ ಬ್ರಾಡ್‌ಬ್ಯಾಂಡ್ ಎಂದು ಪರಿಚಿತವಾಯಿತು. ಇದನ್ನು ಕೊಳ್ಳುವುದಾಗಿ ವೊಡಾಫೋನ್ 2016ರಲ್ಲಿ ಪ್ರಕಟಿಸಿತು.

ಭರೂಚ್‌ನ ರಸಗೊಬ್ಬರ ಕಂಪನಿ ಜಿಎನ್‌ಎಫ್‌ಸಿಯದು ಇನ್ನೂ ವಿಚಿತ್ರವಾದ ಪ್ರಸಂಗ. ಉಪಗ್ರಹ ಸಂಪರ್ಕದ ಮತ್ತು ಅಂತರಜಾಲದ ಪರವಾನಗಿಗಳನ್ನು ಪಡೆದಿದ್ದ ಈ ಕಂಪನಿ, ಅಹಮದಾಬಾದಿನಿಂದ 'ಎನ್‌ಕೋಡ್' ಎಂಬ ವಿಭಾಗದ ಮೂಲಕ ಡಿಜಿಟಲ್ ಸಹಿಗಳನ್ನು ವಿತರಿಸುವ ಅಧಿಕೃತ ಸಂಸ್ಥೆಯೂ ಆಯಿತು. ದೂರಸಂಪರ್ಕ ಕಂಪನಿಗಳ ಒಟ್ಟು ಆದಾಯದ ಮೇಲೆ ಸರ್ಕಾರಕ್ಕೆ ಪಾಲು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2019ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಾಗ, ಯೂರಿಯಾ ಮಾರಿದ ಹಣವೂ ಆ ಲೆಕ್ಕಕ್ಕೆ ಸೇರಿ, ದೂರಸಂಪರ್ಕ ಇಲಾಖೆ ಈ ಗೊಬ್ಬರದ ಕಂಪನಿಯಿಂದ ಸುಮಾರು 15,000 ಕೋಟಿ ರೂಪಾಯಿ ಕೇಳಿತು. ಸಾರ್ವಜನಿಕ ವಲಯದ ಸಂಸ್ಥೆಗಳಿಗೆ ಕಳಿಸಿದ ಇಂಥ ಬೇಡಿಕೆಗಳ ಬಹುಪಾಲನ್ನು 2020ರಲ್ಲಿ ಇಲಾಖೆಯೇ ಹಿಂತೆಗೆದುಕೊಂಡಿತು.

ಆದರೂ ಬಹುಪಾಲು ಮನೆಗಳ ಮಟ್ಟಿಗೆ ಅಂತರಜಾಲವೆಂದರೆ ಕೇಬಲ್‌ವಾಲಾ ತಂದದ್ದು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದಾಗ ಒಬ್ಬೊಬ್ಬ ಆಪರೇಟರನೂ ಒಂದು ಡಿಶ್ ನೆಟ್ಟು, ಸುತ್ತಲಿನ ನೂರಿನ್ನೂರು ಮನೆಗಳಿಗೆ ತಾರಸಿಯಿಂದ ತಾರಸಿಗೆ ತಂತಿ ಎಳೆದು ತನ್ನ ಚಿಕ್ಕ ಸಾಮ್ರಾಜ್ಯವನ್ನು ಕಟ್ಟಿಕೊಂಡಿದ್ದ. ಅಹಮದಾಬಾದಿನ ಹಳೆಯ ಊರಿನ ಪೋಳ್‌ಗಳಲ್ಲಿ, ಅಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಗೋಡೆಗೆ ಗೋಡೆ ಅಂಟಿಕೊಂಡು ಬೆಳೆದ ಕೇರಿಗಳಲ್ಲಿ, ನೆಲ ಅಗೆಯುವುದಕ್ಕೆ ಜಾಗವೇ ಇಲ್ಲದಿದ್ದರೂ ತಾರಸಿಗಳು ಒಂದಕ್ಕೊಂದು ತಾಗಿಕೊಂಡೇ ಇದ್ದುದರಿಂದ ತಂತಿ ಎಳೆಯುವುದು ಸುಲಭವಾಗಿತ್ತು. ಅದೇ ತಾರಸಿಗಳ ಮೇಲೆ ಜನವರಿ 14ರ ಉತ್ತರಾಯಣದಂದು ಇಡೀ ಊರು ಗಾಳಿಪಟ ಹಾರಿಸುತ್ತದೆ. ಗಾಜಿನ ಪುಡಿ ಮೆತ್ತಿದ ಮಾಂಜಾ ದಾರಕ್ಕೂ ಕಾಲ್ತುಳಿತಕ್ಕೂ ತೆಳ್ಳನೆಯ ತಂತಿಗಳು ಸಿಕ್ಕುವ ಆ ಹಬ್ಬವು ತಂತಿ ಕಾಯುವವರ ಪಾಲಿಗೆ ವರ್ಷದ ಕಠಿಣ ದಿನವೇ ಸರಿ. ಇಂಥ ಬಿಡಿಬಿಡಿ ಜಾಲಗಳನ್ನು ಒಂದು ಕೊಡೆಯಡಿ ತರುವ ಉದ್ದೇಶದಿಂದ 2006ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ಟೆಲಿಲಿಂಕ್ ಎಂಬ ಕಂಪನಿ ಹುಟ್ಟಿತು. ಮರುವರ್ಷ ಮುಂಬಯಿಯ ಹಾಥ್‌ವೇ ಅದರಲ್ಲಿ ಅರ್ಧ ಪಾಲು ಕೊಂಡಿತು. ಜಿಟಿಪಿಎಲ್ ಹಾಥ್‌ವೇ ಎಂದು ಹೆಸರಾದ ಈ ಸಂಸ್ಥೆ ಗುಜರಾತಿನ ಅತಿ ದೊಡ್ಡ ಕೇಬಲ್ ಕಂಪನಿಯಾಗಿ ಬೆಳೆದು, 2017ರಲ್ಲಿ ಷೇರು ಮಾರುಕಟ್ಟೆಯನ್ನೂ ಪ್ರವೇಶಿಸಿತು.

ಕೇಬಲ್ ಜಾಲದ ಸ್ವಭಾವದಲ್ಲೇ ವೇಗದ ಸಮಸ್ಯೆಯೂ ಸುರಕ್ಷತೆಯ ಸಮಸ್ಯೆಯೂ ಹುದುಗಿದ್ದವು. ದೂರವಾಣಿಯಲ್ಲಿ ಪ್ರತಿ ಮನೆಯಿಂದ ವಿನಿಮಯ ಕೇಂದ್ರದವರೆಗೆ ಬೇರೆಯೇ ಜೋಡಿ ತಂತಿ ಇರುತ್ತದೆ. ಕೇಬಲ್ಲಿನಲ್ಲಾದರೆ ಒಂದು ಓಣಿಯ ಮನೆಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಳ್ಳುತ್ತವೆ, ಆದ್ದರಿಂದ ರಾತ್ರಿ ಊಟದ ನಂತರ ಎಲ್ಲರೂ ಒಟ್ಟಿಗೆ ಕೂತರೆ ಎಲ್ಲರ ವೇಗವೂ ಕುಸಿಯುತ್ತದೆ. ಮೋಡೆಮ್ಮಿನ ಖರ್ಚನ್ನು ಉಳಿಸಲು ಸಣ್ಣ ಆಪರೇಟರುಗಳು ಕಚೇರಿಯ ಕಂಪ್ಯೂಟರುಗಳನ್ನು ಜೋಡಿಸುವ ತಂತಿಯನ್ನೇ ತಾರಸಿಗಳ ಮೇಲೆ ಹಾಯಿಸಿ, ನಡುನಡುವೆ ಪೆಟ್ಟಿಗೆಯಲ್ಲಿ ಸ್ವಿಚ್ ಇಟ್ಟು, ಇಡೀ ಕೇರಿಯನ್ನು ಒಂದೇ ಕಚೇರಿಯ ಜಾಲವನ್ನಾಗಿ ಮಾಡಿಬಿಡುತ್ತಿದ್ದರು. ವಿಂಡೋಸ್ ಗಣಕವು ಅಕ್ಕಪಕ್ಕದ ಗಣಕಗಳನ್ನು ತಾನಾಗಿಯೇ ಹುಡುಕಿ ತೋರಿಸುತ್ತಿದ್ದ ಆ ಕಾಲದಲ್ಲಿ, ಬೀಗ ಹಾಕದ ಕಡತಕೋಶಗಳು ಪಕ್ಕದ ಮನೆಯವರಿಗೆ ಸಲೀಸಾಗಿ ಕಾಣುತ್ತಿದ್ದವು. ಒಂದು ಗಣಕಕ್ಕೆ ತಗುಲಿದ ವೈರಸ್ ಸಂಜೆಯೊಳಗೆ ಓಣಿಗೆಲ್ಲ ಹಬ್ಬಬಹುದಿತ್ತು. ಸೇವಾದಾರರು ಇದಕ್ಕೆ ಹೂಡಿದ ಉಪಾಯಗಳು, ಅಂದರೆ ಲಾಗಿನ್ ಪುಟ, ಗುಪ್ತಪದ, ಗಣಕದ ಜಾಲಪಟ್ಟಿಕೆಗೆ ಕಾರ್ಖಾನೆಯಲ್ಲೇ ಕೊಟ್ಟ 'ಮ್ಯಾಕ್' ಸಂಖ್ಯೆಗೆ ಖಾತೆಯನ್ನು ಕಟ್ಟಿಹಾಕುವ ಪದ್ಧತಿ, ಇವೆಲ್ಲ ಮುಖ್ಯವಾಗಿ ತಡೆಯಲು ಹೊರಟದ್ದು ಹಣ ಕೊಡದೆ ಬಳಸುವವನನ್ನು. ಆ ಸಂಖ್ಯೆಯನ್ನು ತಂತ್ರಾಂಶದಲ್ಲಿ ಬದಲಾಯಿಸಿಕೊಳ್ಳುವುದು ಕಾಲೇಜು ಹುಡುಗರಿಗೆ ಕಷ್ಟವಾಗಿರಲಿಲ್ಲ ಎಂಬುದು ಬೇರೆ ಮಾತು.

ಇತ್ತ ಸರ್ಕಾರ 2004ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ, ಸದಾ ಚಾಲೂ ಇರುವ ಸಂಪರ್ಕಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆಂದು ಗೊತ್ತುಮಾಡಿತು. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಸೇವೆಯನ್ನು ಆರಂಭಿಸಿ, ಹಳೆಯ ತಾಮ್ರದ ತಂತಿಯ ಮೇಲೆಯೇ ಮಾತಿಗಿಂತ ಎತ್ತರದ ಆವರ್ತನಗಳಲ್ಲಿ ದತ್ತಾಂಶ ಕಳಿಸುವ ಡಿಎಸ್‌ಎಲ್ ತಂತ್ರವನ್ನು ಬಳಸಿತು. ವಿನಿಮಯ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಇಳಿಯುವುದು ಈ ತಂತ್ರದ ಹುಟ್ಟುಗುಣ. ಡೇಟಾಒನ್‌ನ ಒಂದು ಜನಪ್ರಿಯ ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗಿನ 8ರವರೆಗೆ ಬಳಕೆಗೆ ಮಿತಿಯಿರಲಿಲ್ಲವಾದ್ದರಿಂದ, ಗಣಕವನ್ನು ಇಳಿಕೆಗೆ ಹಚ್ಚಿ ಮಲಗುವುದು ದೇಶದಾದ್ಯಂತ ಒಂದು ರೂಢಿಯೇ ಆಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲಿ ಮನೆಯ ಗಿರಾಕಿಗಳಿಗೆ ಒಂದಕ್ಕೆ ಐವತ್ತರ ಹಂಚಿಕೆಯ ಮಿತಿಯನ್ನು ಹಾಕಿತು. ಅಂದರೆ ಒಬ್ಬನಿಗೆ ಮಾರಿದ ವೇಗವನ್ನು ಐವತ್ತು ಮಂದಿಗೆ ಹಂಚಲು ಅವಕಾಶವಿತ್ತು. 256 ಕಿಲೋಬಿಟ್ಟನ್ನು ಐವತ್ತರಿಂದ ಭಾಗಿಸಿದರೆ ಉಳಿಯುವುದು ಐದು ಚಿಲ್ಲರೆ. ಈ ಲೆಕ್ಕವನ್ನು ಜಾಹೀರಾತುಗಳು ಯಾವತ್ತೂ ಮಾಡಿ ತೋರಿಸಲಿಲ್ಲ. ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು. ಆ ಹೊತ್ತಿಗೆ ಮಾರುಕಟ್ಟೆ ಅದನ್ನು ಎಂದೋ ಹಿಂದೆ ಬಿಟ್ಟಿತ್ತು.

ಗಿರಾಕಿಯನ್ನು ಗುರುತಿಸುವ ವಿದ್ಯೆಯಲ್ಲಿ ಅಹಮದಾಬಾದ್ ಬಳಕೆದಾರನ ಸ್ಥಾನದಲ್ಲಷ್ಟೇ ಅಲ್ಲ, ತಯಾರಕನ ಸ್ಥಾನದಲ್ಲೂ ನಿಂತಿತ್ತು. 1999ರಲ್ಲಿ ಅಲ್ಲಿ ಆರಂಭವಾದ ಎಲೈಟ್‌ಕೋರ್ ಟೆಕ್ನಾಲಜೀಸ್, ಸೇವಾದಾರರಿಗೂ ಹೋಟೆಲುಗಳಿಗೂ ಬೇಕಾದ '24ಆನ್‌ಲೈನ್' ಎಂಬ ತಂತ್ರಾಂಶವನ್ನು ರೂಪಿಸಿತು: ಯಾರು ಒಳಬಂದರು, ಎಷ್ಟು ಬಳಸಿದರು, ಯಾರಿಗೆ ಎಷ್ಟು ವೇಗ ಸಲ್ಲಬೇಕು, ಎಷ್ಟು ಬಿಲ್ ಆಗಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತಿತ್ತು. ಅದೇ ಮನೆತನದ ಇನ್ನೊಂದು ಕೂಸು ಸೈಬರೋಮ್, ಅಂದರೆ ಕಚೇರಿಯ ಜಾಲದ ಬಾಗಿಲಲ್ಲಿ ಕೂತು ಒಳಹೊರಗಿನ ಸಂಚಾರವನ್ನು ಸೋಸುವ ಫೈರ್‌ವಾಲ್ ಯಂತ್ರ. ಜಾಲತಂತ್ರವನ್ನು ಏಳು ಪದರಗಳಾಗಿ ವಿವರಿಸುವುದು ವಾಡಿಕೆ. ಬಳಸುವ ಮನುಷ್ಯನೇ ಎಂಟನೆಯ ಪದರವೆಂದೂ ನಿಯಮಗಳು ಯಂತ್ರದ ವಿಳಾಸಕ್ಕಲ್ಲ, ಆ ಮನುಷ್ಯನಿಗೆ ಅನ್ವಯಿಸಬೇಕೆಂದೂ ಸೈಬರೋಮ್ ಸಾರಿತು. 2012ರ ಜುಲೈನಲ್ಲಿ ಟಾರ್ ಯೋಜನೆಯ ಸಂಶೋಧಕರು ಈ ಯಂತ್ರಗಳಲ್ಲಿ ಒಂದು ಗಂಭೀರ ಲೋಪವನ್ನು ಬಯಲಿಗೆಳೆದರು: ಗೂಢಲಿಪಿಯ ಸಂಚಾರವನ್ನು ನಡುವೆ ಬಿಚ್ಚಿ ಪರಿಶೀಲಿಸಲು ಬಳಸುವ ಗುಪ್ತ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿದ್ದುದರಿಂದ, ಒಂದು ಯಂತ್ರದ ಒಡೆಯ ಇನ್ನೊಂದರ ಬಳಕೆದಾರರ ಗುಟ್ಟನ್ನು ಓದಲು ಸಾಧ್ಯವಿತ್ತು. ಆ ಕೀಲಿಯೇ ಬಹಿರಂಗವಾದ ಬಳಿಕ ಕಂಪನಿ ಪ್ರತಿ ಯಂತ್ರಕ್ಕೂ ಬೇರೆಬೇರೆ ಕೀಲಿ ಕೊಡುವ ತಿದ್ದುಪಡಿಯನ್ನು ಹೊರತಂದಿತು. 2014ರಲ್ಲಿ ಸೈಬರೋಮನ್ನು ಬ್ರಿಟನ್ನಿನ ಸೋಫೋಸ್ ಕೊಂಡಿತು.

ಇದಕ್ಕೂ ಮುಂಚೆ, ಮನೆಯ ವೈ-ಫೈ ಇಡೀ ದೇಶದ ಚಿಂತೆಯಾಗಲು ಕಾರಣವಾದ ಘಟನೆಯೂ ಅಹಮದಾಬಾದಿಗೇ ಸಂಬಂಧಿಸಿದ್ದು. 2008ರ ಜುಲೈ 26ರ ಸಂಜೆ ನಗರದಲ್ಲಿ ಸಾಲುಸಾಲಾಗಿ ಬಾಂಬುಗಳು ಸಿಡಿದು 56 ಜನ ಸತ್ತರು. ಮುಂದಿನ ದಿನಗಳಲ್ಲಿ ಸೂರತ್‌ನ ಹಲವೆಡೆ ಸಿಡಿಯದ ಬಾಂಬುಗಳು ಪತ್ತೆಯಾದವು. ಮೊದಲ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿವಾಹಿನಿಗಳಿಗೆ ಬಂದ ಇ-ಮೇಲಿನ ಜಾಡು ಹಿಡಿದ ತನಿಖೆಗಾರರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದ ಒಂದು ಮನೆಗೆ. ಆ ಮನೆಯವರ ಬೀಗವಿಲ್ಲದ ವೈ-ಫೈಯನ್ನು ಹೊರಗಿನವರು ಬಳಸಿಕೊಂಡಿದ್ದರೆಂಬುದು ಆಮೇಲೆ ಗೊತ್ತಾಯಿತು. ಮುಂದಿನ ಇ-ಮೇಲ್‌ಗಳೂ ಮುಂಬಯಿಯ ಒಂದು ಕಾಲೇಜಿನ, ಒಂದು ಕಚೇರಿಯ ಇಂಥದೇ ತೆರೆದ ಜಾಲಗಳಿಂದ ಹೊರಟವು. 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು 2005ರಲ್ಲಿ ಅನುಮತಿ ಸಿಕ್ಕ ಮೇಲೆ ವೈ-ಫೈ ಪೆಟ್ಟಿಗೆಗಳು ಮನೆಮನೆಗೂ ಬಂದಿದ್ದವು. ಅವನ್ನು ಹಚ್ಚಿಕೊಟ್ಟು ಹೋಗುವವರು ಗುಪ್ತಪದ ಹಾಕಿದರೆ ಹಾಕಿದರು, ಇಲ್ಲವಾದರೆ ಇಲ್ಲ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಎಲ್ಲ ಸೇವಾದಾರರಿಗೂ ಸೂಚನೆ ಹೊರಡಿಸಿ, ಗಿರಾಕಿಗಳ ವೈ-ಫೈಯನ್ನು ದಾಖಲಿಸಿಕೊಂಡು ಕೇಂದ್ರೀಕೃತವಾದ ದೃಢೀಕರಣದ ವ್ಯವಸ್ಥೆಗೆ ಒಳಪಡಿಸಬೇಕೆಂದು ಹೇಳಿತು. ಮುಂಬಯಿಯಲ್ಲಿ ಪೊಲೀಸರು ತೆರೆದ ವೈ-ಫೈ ಹುಡುಕಿಕೊಂಡು ಬೀದಿ ಸುತ್ತಿದ್ದೂ ಆ ವರ್ಷದಲ್ಲೇ.

ಈ ಸೂಚನೆ ಒಂದು ಹಳೆಯ ದೃಷ್ಟಿಯ ಮುಂದುವರಿಕೆ. ಸೇವಾದಾರರ ಪರವಾನಗಿಯ ಷರತ್ತುಗಳು ಅನುಮತಿಯಿಲ್ಲದೆ 40 ಬಿಟ್‌ಗಿಂತ ಬಲವಾದ ಗೂಢಲಿಪಿಯನ್ನು ಬಳಸಬಾರದೆನ್ನುತ್ತಿದ್ದವು. ಬ್ಯಾಂಕಿನ ಜಾಲತಾಣಗಳು ಅದಕ್ಕಿಂತ ಎಷ್ಟೋ ಬಲವಾದ ಗೂಢಲಿಪಿಯಿಲ್ಲದೆ ನಡೆಯಲಾರವಾದ್ದರಿಂದ, ಈ ಷರತ್ತನ್ನು ದೇಶವೆಲ್ಲ ದಿನವೂ ಮುರಿಯುತ್ತಿತ್ತೆಂದರೂ ತಪ್ಪಿಲ್ಲ. ಅದೇ ಷರತ್ತುಗಳಲ್ಲಿ, ನಿಗಾ ಇಡುವ ಅಧಿಕಾರಿಗಳಿಗಾಗಿ ಹತ್ತಡಿ ಉದ್ದ ಹತ್ತಡಿ ಅಗಲದ, ಹವಾನಿಯಂತ್ರಣವುಳ್ಳ ಕೋಣೆಯನ್ನು ಒದಗಿಸುವ ವಿಧಿಯೂ ಇತ್ತು. ಗಿರಾಕಿಯ ಮೋಡೆಮ್ಮಿನ ವಿಷಯದಲ್ಲಿ ಇಷ್ಟು ಅಳತೆಗೋಲು ಹಿಡಿದು ಹೇಳಿದ ಮಾತು ಆ ಕಾಲದಲ್ಲಿ ಕಾಣುವುದಿಲ್ಲ.

ಗಿರಾಕಿಯ ಗುರುತು ಹಿಡಿಯುವುದಷ್ಟೇ ಅಲ್ಲ, ಸಂಪರ್ಕವನ್ನೇ ಕಡಿಯುವುದೂ ಸರ್ಕಾರದ ಅಸ್ತ್ರವಾಯಿತು. 2015ರ ಆಗಸ್ಟ್ 25ರಂದು ಅಹಮದಾಬಾದಿನ ಜಿಎಂಡಿಸಿ ಮೈದಾನದಲ್ಲಿ ಮೀಸಲಾತಿಗಾಗಿ ಪಾಟೀದಾರ ಸಮುದಾಯದ ಬೃಹತ್ ಸಭೆ ನಡೆದು, ಅದರ ಬೆನ್ನಿಗೇ ಗಲಭೆ ಹರಡಿದಾಗ ರಾಜ್ಯದಲ್ಲಿ ಮೊಬೈಲ್ ಅಂತರಜಾಲವನ್ನು ಹಲವು ದಿನ ನಿಲ್ಲಿಸಲಾಯಿತು. ಇದಕ್ಕೆ ಆಧಾರವಾದದ್ದು ಗುಂಪುಗೂಡುವುದನ್ನು ತಡೆಯಲು ಆಗ ಬಳಸುತ್ತಿದ್ದ, ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಗುಜರಾತ್ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕುತ್ತ, ನಿಂತದ್ದು ಮೊಬೈಲ್ ಅಂತರಜಾಲ ಮಾತ್ರ, ಬ್ರಾಡ್‌ಬ್ಯಾಂಡ್ ಮತ್ತು ಅದರ ಮೇಲಿನ ವೈ-ಫೈ ಲಭ್ಯವಿದ್ದವು ಎಂಬುದನ್ನು ಗಮನಿಸಿತು.   ತಂತಿಯ ಸಂಪರ್ಕವುಳ್ಳ ಮನೆಗೆ ಇದರಿಂದ ಒಂದು ಹೊಸ ಬೆಲೆ ಬಂದಂತಾಯಿತು. ಜೇಬಿನ ಫೋನಿನಲ್ಲಷ್ಟೇ ಅಂತರಜಾಲವಿದ್ದ ಬಹುಸಂಖ್ಯಾತರಿಗೆ ನ್ಯಾಯಾಲಯ ಗುರುತಿಸಿದ ಆ ಪರ್ಯಾಯ ಎಟುಕುತ್ತಿತ್ತೆಂದು ಹೇಳುವುದು ಕಷ್ಟ. 2016ರ ಫೆಬ್ರುವರಿಯಲ್ಲಿ ತಲಾಟಿ, ಅಂದರೆ ಗ್ರಾಮ ಲೆಕ್ಕಿಗರ ನೇಮಕದ ಪರೀಕ್ಷೆಯಲ್ಲಿ ನಕಲು ತಡೆಯಲೆಂದೂ ರಾಜ್ಯದಲ್ಲಿ ಕೆಲವು ಗಂಟೆ ಮೊಬೈಲ್ ಅಂತರಜಾಲವನ್ನು ನಿಲ್ಲಿಸಲಾಯಿತು. ಇಂಥ ಸ್ಥಗಿತಕ್ಕೆಂದೇ ಕೇಂದ್ರದ ನಿಯಮಾವಳಿ ಬಂದದ್ದು 2017ರ ಆಗಸ್ಟ್‌ನಲ್ಲಿ.

ಮೋಡೆಮ್ಮಿನ ಕಡೆಗೆ ಎಲ್ಲರ ಕಣ್ಣು ಹೊರಳಿಸಿದ ಪ್ರಸಂಗ ನಡೆದದ್ದು ಗುಜರಾತಿನಲ್ಲಲ್ಲ, ಕರ್ನಾಟಕದಲ್ಲಿ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸಾವಿರಾರು ಮೋಡೆಮ್‌ಗಳು ಒಂದು ದುಷ್ಟ ತಂತ್ರಾಂಶಕ್ಕೆ ತುತ್ತಾಗಿ ಕೆಲಸ ನಿಲ್ಲಿಸಿದವು. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಹೆಸರನ್ನೂ ಅದೇ ಗುಪ್ತಪದವನ್ನೂ ಯಾರೂ ಬದಲಾಯಿಸಿರದಿದ್ದುದೇ ಅದಕ್ಕೆ ದಾರಿಯಾಗಿತ್ತು. ಮುಂದಿನ ವರ್ಷ, ಸಣ್ಣ ಸೇವಾದಾರರ ಅಚ್ಚುಮೆಚ್ಚಿನ ಮೈಕ್ರೋಟಿಕ್ ರೂಟರುಗಳ ಒಂದು ದೋಷವನ್ನು ಬಳಸಿಕೊಂಡು ಜಗತ್ತಿನಾದ್ಯಂತ ಕಳ್ಳತನದಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಯಿತು. ತಯಾರಕರು ತಿದ್ದುಪಡಿ ಕೊಟ್ಟ ಮೇಲೂ ಅದನ್ನು ಹಾಕಿಕೊಳ್ಳದ ಯಂತ್ರಗಳೇ ಬಲಿಯಾದವು. ಇನ್ನೂ ಮೇಲಿನ ಹಂತದಲ್ಲಿ, ಯಾವ ವಿಳಾಸ ಯಾವ ಜಾಲದಲ್ಲಿದೆಯೆಂದು ಸೇವಾದಾರರು ಪರಸ್ಪರ ಸಾರಿಕೊಳ್ಳುವ ವ್ಯವಸ್ಥೆ ನಂಬಿಕೆಯ ಮೇಲೆ ನಿಂತದ್ದು; 2021ರ ಏಪ್ರಿಲ್‌ನಲ್ಲಿ ವೊಡಾಫೋನ್ ಐಡಿಯಾದ ಜಾಲವೊಂದು ತನ್ನದಲ್ಲದ ಮೂವತ್ತು ಸಾವಿರಕ್ಕೂ ಹೆಚ್ಚು ವಿಳಾಸಗುಚ್ಛಗಳನ್ನು ತನ್ನವೆಂದು ಸಾರಿದಾಗ ದೂರದ ದೇಶಗಳ ಸಂಚಾರವೂ ದಾರಿ ತಪ್ಪಿ ಅದರತ್ತ ಹರಿಯಿತು.

ಏಷ್ಯಾ-ಪೆಸಿಫಿಕ್ ವಲಯದಲ್ಲಿ ಹಳೆಯ ಮಾದರಿಯ ಅಂತರಜಾಲ ವಿಳಾಸಗಳು 2011ರ ಏಪ್ರಿಲ್‌ನಲ್ಲಿ ಬಹುಮಟ್ಟಿಗೆ ತೀರಿಹೋದ ಮೇಲೆ, ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದು ಸೇವಾದಾರರಿಗೆ ಅನಿವಾರ್ಯವಾಯಿತು. ಗುರುತಿಸುವ ಕೆಲಸ ಇದರಿಂದ ಇನ್ನಷ್ಟು ಬಿಗಡಾಯಿಸಿತು. ಯಾವ ಕ್ಷಣದಲ್ಲಿ ಯಾವ ಮನೆ ಆ ವಿಳಾಸದ ಹಿಂದಿತ್ತೆಂಬ ದಾಖಲೆಯನ್ನು ಕಾದಿಡುವ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಸೈಬರ್ ಅವಘಡವನ್ನು ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಇಷ್ಟೆಲ್ಲ ದಾಖಲೆ, ಸಂಗ್ರಹ, ವರದಿಗಳ ಖರ್ಚು ದೊಡ್ಡ ಕಂಪನಿಗೆ ಲೆಕ್ಕಕ್ಕಿಲ್ಲದ್ದಾದರೂ ಮುನ್ನೂರು ಮನೆಗಳ ಆಪರೇಟರನಿಗೆ ಹೊರೆಯೇ. ಸಣ್ಣವನು ದೊಡ್ಡವನ ಹೆಸರಿನಡಿ ಸೇರಿಕೊಳ್ಳುವುದಕ್ಕೆ ವೇಗದ ಪೈಪೋಟಿಯಷ್ಟೇ ಇದೂ ಕಾರಣವೆಂದು ಭಾವಿಸಬಹುದು.

ಆ ಪೈಪೋಟಿಯ ದಿಕ್ಕನ್ನು ಬದಲಿಸಿದ್ದು ರಿಲಯನ್ಸ್. 2018ರ ಅಕ್ಟೋಬರ್‌ನಲ್ಲಿ ಹಾಥ್‌ವೇಯ ಬಹುಪಾಲು ಷೇರನ್ನು ಕೊಳ್ಳುವುದಾಗಿ ಅದು ಪ್ರಕಟಿಸಿದಾಗ, ಹಾಥ್‌ವೇ ಪಾಲುದಾರನಾಗಿದ್ದ ಜಿಟಿಪಿಎಲ್ ಕೂಡ ಆ ಬಳಗದ ಹತ್ತಿರ ಸರಿಯಿತು. 2019ರ ಸೆಪ್ಟೆಂಬರ್ 5ರಂದು ಆರಂಭವಾದ ರಿಲಯನ್ಸ್‌ನ ಜಿಯೋಫೈಬರ್ 100 ಮೆಗಾಬಿಟ್‌ನಿಂದ 1 ಗಿಗಾಬಿಟ್‌ವರೆಗಿನ ವೇಗವನ್ನು ತಿಂಗಳಿಗೆ 699 ರೂಪಾಯಿಯಿಂದ ಮಾರತೊಡಗಿತು. 2023ರ ಸೆಪ್ಟೆಂಬರ್‌ನಲ್ಲಿ ತಂತಿಯೇ ಇಲ್ಲದೆ 5ಜಿ ತರಂಗದ ಮೂಲಕ ಮನೆಗೆ ಬ್ರಾಡ್‌ಬ್ಯಾಂಡ್ ಕೊಡುವ ಜಿಯೋ ಏರ್‌ಫೈಬರ್ ಮೊದಲು ಬಂದ ಎಂಟು ನಗರಗಳಲ್ಲಿ ಬೆಂಗಳೂರಿನ ಜೊತೆ ಅಹಮದಾಬಾದೂ ಇತ್ತು. ಈ ಹೊಸ ಜಾಲಗಳಲ್ಲಿ ಮನೆಯ ರೂಟರನ್ನು ಸೇವಾದಾರನೇ ಕೊಟ್ಟು, ಅದರ ತಂತ್ರಾಂಶವನ್ನು ದೂರದ ಕೇಂದ್ರದಿಂದಲೇ ಪರಿಷ್ಕರಿಸುತ್ತಾನೆ. ಬದಲಾಯಿಸದ ಗುಪ್ತಪದದ ಅಪಾಯ ಇದರಿಂದ ಕಡಿಮೆಯಾಗಿದೆ. ಆದರೆ ಆ ಪೆಟ್ಟಿಗೆಯ ಒಳಗೆ ಏನು ನಡೆಯಬೇಕೆಂದು ತೀರ್ಮಾನಿಸುವ ಅಧಿಕಾರ ಗಿರಾಕಿಯ ಕೈಯಿಂದಲೂ ಓಣಿಯ ಕೇಬಲ್‌ವಾಲಾನ ಕೈಯಿಂದಲೂ ಹೋಗಿ, ಕೆಲವೇ ಕಂಪನಿಗಳ ನಿಯಂತ್ರಣ ಕೊಠಡಿಗಳನ್ನು ಸೇರಿದೆ.